ಮಹಾರಾಜಶ್ರೀ ಪವರ್ ಪ್ರೆಸ್ ಅವರ ಸನ್ನಿಧಾನಕ್ಕೆ

ಬೆಂಗಳೂರಿನ ಪೀಣ್ಯದ ಕಾರ್ಖಾನೆ ಶೆಡ್ಡುಗಳಲ್ಲಿ ತಗಡು ಒತ್ತುತ್ತ ಹಗಲಿರುಳೂ ದರ್ಬಾರು ನಡೆಸುತ್ತಿರುವ ಮಹಾರಾಜಶ್ರೀ ಪವರ್ ಪ್ರೆಸ್ ಅವರಿಗೆ, ಇದೇ ಊರಿನ ಆಸ್ಪತ್ರೆಯೊಂದರ ಕ್ಯಾಜುಯಲ್ಟಿ ನರ್ಸ್ ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ. ತಮ್ಮ ಕಡೆ ಕ್ಷೇಮವೆಂದು ಬಲ್ಲೆ. ನಮ್ಮ ಕಡೆ ಹೊಲಿಗೆ ನಡೆಯುತ್ತಿದೆ.

ಗಾಯ ಮಾಡಿಕೊಂಡು ಕ್ಯಾಜುಯಲ್ಟಿಗೆ ಬರುವವರಲ್ಲಿ ಹತ್ತಕ್ಕೆ ಒಬ್ಬರಾದರೂ ಕೈಗಾಯದವರು ಎನ್ನುವುದು ವೈದ್ಯಲೋಕದ ರೂಢಿಯ ಲೆಕ್ಕ. ಈಳಿಗೆಮಣೆ, ಮಿಕ್ಸಿ ಬ್ಲೇಡು, ಬಾಗಿಲ ಸಂದು, ದೀಪಾವಳಿಯ ಪಟಾಕಿ ಎಲ್ಲರೂ ತಮ್ಮ ತಮ್ಮ ಪಾಲು ಕಳಿಸುತ್ತಾರೆ. ಆದರೆ ಅವರದೆಲ್ಲ ಚಿಲ್ಲರೆ ವ್ಯಾಪಾರ. ನಾಲ್ಕು ಹೊಲಿಗೆ, ಒಂದು ಟಿಟಿ ಇಂಜೆಕ್ಷನ್, ಬಹುಪಾಲು ಜನ ಅಷ್ಟಕ್ಕೇ ಮನೆಗೆ. ತಮ್ಮದು ಹೋಲ್‌ಸೇಲ್. ಒಂದು ಕೈಯಲ್ಲಿ 27 ಮೂಳೆಗಳಿವೆಯೆಂದು ನಾವು ಕಾಲೇಜಿನಲ್ಲಿ ಉರು ಹೊಡೆದಿದ್ದೆವು. ಕಣ್ಣು ಮಿಟುಕಿಸುವುದರೊಳಗೆ ಆ ಲೆಕ್ಕವನ್ನೇ ತಪ್ಪಿಸುವ ತಮಗೆ ಅನಂತ ಧನ್ಯವಾದಗಳು.

ಹಾಗೆಂದು ತಮ್ಮ ಮೇಲೆ ಅಪವಾದ ಹೊರಿಸುತ್ತಿಲ್ಲ. ಎರಡೂ ಕೈ ಎರಡು ಬಟನ್ ಮೇಲಿದ್ದರೆ ಮಾತ್ರ ಪಂಚ್ ಇಳಿಯಬೇಕೆಂಬ ನೇಮ ತಮ್ಮ ಕುಲದಲ್ಲೇ ಇದೆ. ಆದರೆ ಪೀಸ್ ಕಡಿಮೆಯಾಗುತ್ತದೆಂದು ಯಾರೋ ಒಂದು ಬಟನ್‌ಗೆ ಬೆಂಕಿಕಡ್ಡಿ ತುರುಕಿದರೆ ತಾವು ತುಟಿ ಪಿಟಕ್ಕೆನ್ನುವುದಿಲ್ಲ. ಬಟನ್ನೇ ಬೇಡ, ಕಾಲಿಗೊಂದು ಪೆಡಲ್ ಸಾಕೆಂದರೆ ಅದಕ್ಕೂ ಸೈ. ಕ್ಲಚ್‌ನ ಕೀ ಸವೆದಿದ್ದರಂತೂ ಪೆಡಲ್ ಬಿಟ್ಟ ಮೇಲೂ ತಾವೇ ಇನ್ನೊಂದು ಏಟು ಹಾಕುತ್ತೀರಿ. ‘ಡಬಲ್ ಹೊಡೀತು ಸಿಸ್ಟರ್’ ಎನ್ನುತ್ತಲೇ ಬರುತ್ತಾರೆ ಹುಡುಗರು. ಹೇಳದಿದ್ದರೂ ಓಟಿ ಮಾಡುವ ತಮ್ಮ ಕರ್ತವ್ಯನಿಷ್ಠೆ ದೊಡ್ಡದು.

ಆಯುಧಪೂಜೆಯ ದಿನ ತಮ್ಮನ್ನು ತೊಳೆದು, ಒರೆಸಿ, ಕುಂಕುಮ ತುಂಬಿದ ಬೂದುಗುಂಬಳ ಒಡೆದದ್ದನ್ನು ಕಣ್ಣಾರೆ ಕಂಡಿದ್ದೇನೆ. ಅದು ಬಲಿಯ ಬದಲಿಗೆ ಕೊಡುವ ಕಾಯಿ ಎಂದು ತಮಗೆ ಯಾರೂ ತಿಳಿಸಲಿಲ್ಲವೇ ಸ್ವಾಮಿ?

ಮೊನ್ನೆ ತಾವು ಕಳಿಸಿದ ಹುಡುಗ ರಾಯಚೂರು ಕಡೆಯವನು, ಕೆಲಸಕ್ಕೆ ಹೊಸಬ. ತೋರುಬೆರಳು ಐಸ್‌ಕ್ರೀಮ್ ಡಬ್ಬಿಯಲ್ಲಿ, ಕರವಸ್ತ್ರವೂ ಇಲ್ಲದೆ ನೇರವಾಗಿ ಮಂಜುಗಡ್ಡೆಯ ಮೇಲೆ ಕೂತು ಬಂದಿತ್ತು. ಉಗುರಿನ ಸಂದಿನ ಗ್ರೀಸ್ ಹಾಗೇ ಇತ್ತು. ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಆ ಚೀಲವನ್ನು ಐಸ್ ನೀರಿನಲ್ಲಿಡಬೇಕೆಂದು ಶೆಡ್ಡಿನಲ್ಲಿ ಯಾರೂ ಹೇಳಿಕೊಟ್ಟಿಲ್ಲ. ಟಾರ್ಗೆಟ್ ಮಾತ್ರ ಗೋಡೆಯ ಮೇಲೆ ಬರೆದಿರುತ್ತದಂತೆ. ಜಪಾನಿನ ನಾರಾದಲ್ಲಿ 1965ರಲ್ಲೇ ವೈದ್ಯರು ಪೂರ್ತಿ ತುಂಡಾದ ಹೆಬ್ಬೆರಳನ್ನು ಮರಳಿ ಜೋಡಿಸಿದ್ದಾರೆ. ಆದರೆ ಆ ವಿದ್ಯೆಗೆ ಒಲಿಯುವುದು ನೀಟಾಗಿ ಕತ್ತರಿಸಿದ ಬೆರಳು. ತಾವು ಜಜ್ಜಿ ಕಳಿಸುತ್ತೀರಿ. ಒಪ್ಪಿಗೆ ಪತ್ರ ಮುಂದಿಟ್ಟಾಗ ಹುಡುಗ ಅಭ್ಯಾಸಬಲದಿಂದ ಬ್ಯಾಂಡೇಜಿನ ಕೈಯನ್ನೇ ಚಾಚಿದ.

1923ರ ಪರಿಹಾರ ಕಾಯ್ದೆ ದುಡಿಯುವ ಶಕ್ತಿಯ ನಷ್ಟಕ್ಕೊಂದು ಪಟ್ಟಿ ಮಾಡಿತ್ತು: ಹೆಬ್ಬೆರಳು ಹೋದರೆ ಶೇ. 30, ತೋರುಬೆರಳು 14, ನಡುಬೆರಳು 12, ಉಂಗುರಬೆರಳೋ ಕಿರುಬೆರಳೋ ಆದರೆ 7. ಹುಡುಗನ ಜೊತೆ ಬಂದ ಸೂಪರ್‌ವೈಸರ್‌ಗೆ ಈ ಪಟ್ಟಿ ಬಾಯಿಪಾಠ. ಇಎಸ್‌ಐ ಕಾರ್ಡ್ ಕೇಳಿದರೆ ಮಾತ್ರ ‘ಇವತ್ತು ಸಾಯಂಕಾಲ ಮಾಡಿಸ್ತಿದ್ದೀವಿ ಮೇಡಂ’ ಎಂದರು. ಹೀಗೆ ಹೇಳುವುದರಲ್ಲಿ ಅವರು ಮೊದಲಿಗರಲ್ಲ. ಬೆರಳು ಹೋದ ದಿನವೇ ಕಾರ್ಡ್ ಹುಟ್ಟಿಸುವ ತಮ್ಮ ಮಹಿಮೆಯನ್ನು ಏನೆಂದು ಕೊಂಡಾಡಲಿ! ಅಪಘಾತಕ್ಕೆ ಕಾರಣವೇನೆಂದು ಕೇಳಿದ್ದಕ್ಕೆ ‘ಕಾರ್ಮಿಕನ ಅಜಾಗರೂಕತೆ’ ಎಂದು ಬರೆದುಕೊಳ್ಳಲು ಹೇಳಿದರು. ಬೆಂಕಿಕಡ್ಡಿಯ ಮಾತು ಬರಲಿಲ್ಲ.

ಒಂದೇ ಒಂದು ಬಿನ್ನಹ. ಅಪಾಯದ ಭಾಗಗಳಿಗೆ ಭದ್ರವಾದ ಗಾರ್ಡ್ ಇರಲೇಬೇಕೆಂದು 1948ರಲ್ಲೇ ಕಾರ್ಖಾನೆ ಕಾಯ್ದೆ ಹೇಳಿತ್ತು. ಇನ್‌ಸ್ಪೆಕ್ಟರ್ ಬರುವ ದಿನ ತಾವು ಗಾರ್ಡ್ ತೊಟ್ಟು, ಎರಡೂ ಬಟನ್ ತೆರೆದು, ಬಲು ಸಾಧುವಾಗಿ ನಿಂತಿರುತ್ತೀರೆಂದು ಹುಡುಗರೇ ಹೇಳುತ್ತಾರೆ. ಆ ದಿನ ಪೀಸ್ ಕಡಿಮೆಯಾದರೂ ಕಂಪನಿ ಮುಳುಗಿದ್ದಿಲ್ಲವಂತೆ. ಮಿಕ್ಕ ದಿನಗಳಲ್ಲೂ ಇನ್‌ಸ್ಪೆಕ್ಟರ್ ಗೇಟಿನ ಹತ್ತಿರವೇ ಇದ್ದಾರೆಂದು ತಾವೂ ತಮ್ಮ ಮಾಲೀಕರೂ ದಯಮಾಡಿ ಭಾವಿಸಿಕೊಳ್ಳಬಹುದೇ?

ಇಂತಿ ತಮ್ಮ ವಿಧೇಯಳು,
ನೈಟ್ ಡ್ಯೂಟಿ ನರ್ಸ್