ಹಿರೋಡೆಯ ಟಿಕೆಟ್ಟು

ಶ್ರೀರಂಗಪಟ್ಟಣದ ನಮ್ಮ ಮನೆಯ ಜಗಲಿಯಲ್ಲಿ ಪೈಥಾನಿನ ಶೆಲ್ಲನ್ನು ತೆರೆದು ಕುಳಿತು, ಅರ್ಧ ಬರೆದ ಮಾಡ್ಯೂಲೊಂದನ್ನು ಇಂಪೋರ್ಟ್ ಮಾಡಿ, ದೋಷವನ್ನು ಕಂಡು ಕಡತವನ್ನು ತಿದ್ದಿ, ಪುನಃ ಇಂಪೋರ್ಟ್ ಎಂದು ಆಜ್ಞಾಪಿಸಿದರೂ ಆ ಮಹಾಶಯನು ಹಳೆಯ ತಪ್ಪನ್ನೇ ಒಪ್ಪಿಸುತ್ತಿರಲು, ನನಗೆ ನಾಗಮಂಗಲದ ಸೋದರತ್ತೆಯ ಸ್ಮರಣೆಯಾಯಿತು. ಫ್ರೆಂಚ್ ರಾಕ್ಸ್ ಎಂದೂ ಹಿರೋಡೆಯೆಂದೂ ಕರೆಸಿಕೊಂಡ ಊರು ಪಾಂಡವಪುರವಾಗಿ, ಅತ್ತಿಗುಪ್ಪೆಯು ಕೃಷ್ಣರಾಜಪೇಟೆಯಾಗಿ ಎಷ್ಟೋ ಕಾಲ ಸಂದಿದ್ದರೂ, ಆಕೆ ಬಸ್ಸಿನಲ್ಲಿ ಕೇಳುತ್ತಿದ್ದುದು ಹಿರೋಡೆಗೇ ಟಿಕೆಟ್ಟು! ಒಮ್ಮೆ ಓದಿದ ಮಾಡ್ಯೂಲನ್ನು ಪೈಥಾನು ಸಿಸ್.ಮಾಡ್ಯೂಲ್ಸ್ ಎಂಬ ಪೆಟ್ಟಿಗೆಯಲ್ಲಿರಿಸಿ, ಮತ್ತೆ ಕೇಳಿದಾಗ ಕಡತದತ್ತ ಕಣ್ಣೆತ್ತದೆ ಅದನ್ನೇ ನೀಡುತ್ತದೆ. ಇಂಪೋರ್ಟ್‌ಲಿಬ್‌ನ ರೀಲೋಡ್ ಎಂದರೆ ಹೊಸದಾಗಿ ಓದುವುದು ನಿಜ. ಆದರೆ ‘ಫ್ರಮ್’ ಎಂದು ಮೊದಲೇ ಬಿಡಿಬಿಡಿಯಾಗಿ ತರಿಸಿಕೊಂಡ ಹೆಸರುಗಳು ಆಗಲೂ ಹಳೆಯದನ್ನೇ ಹಿಡಿದಿರುತ್ತವೆ. ಅತ್ತೆಗೆ ರೀಲೋಡ್ ಹೇಳುವ ಧೈರ್ಯ ನಮ್ಮ ವಂಶದಲ್ಲಿ ಯಾರಿಗೂ ಇರಲಿಲ್ಲ. ಕಂಡಕ್ಟರನೇ ಮರುಮಾತಾಡದೆ ಪಾಂಡವಪುರದ ಟಿಕೆಟ್ಟು ಹರಿದು ಕೊಡುತ್ತಿದ್ದನು.