ಗೋಕಾಕ–ಮೂಡಲಗಿ–ಹುಕ್ಕೇರಿ ತ್ರಿಮತ ವಿಚಾರ ಅಥವಾ ಪರದೇಶಾಂಗ್ಲಬೋಧನಾರ್ಹತಾ ನಿರ್ಣಯ

ಘಟಪ್ರಭೆಯ ಸೀಮೆಯಲ್ಲಿ ಎಂ.ಎ. ಇಂಗ್ಲಿಷ್ ಮುಗಿಸಿ, ಮೇಲೊಂದು ಬಿ.ಎಡ್. ಹೊತ್ತು, ಅತಿಥಿ ಶಿಕ್ಷಕರಾಗಿ ಸಂಬಳದ ದಾರಿ ಕಾಯುತ್ತಿರುವ ಜಿಜ್ಞಾಸುಗಳ ಹಿತಕ್ಕಾಗಿ ಈ ಶಾಸ್ತ್ರ ಹೊರಟಿದೆ. ವಿಷಯ: ಹೊರದೇಶದಲ್ಲಿ ಇಂಗ್ಲಿಷ್ ಕಲಿಸಲು ಯಾವ ಪ್ರಮಾಣಪತ್ರ ಪಡೆಯಬೇಕು? ಸಂಶಯ: ಅದಕ್ಕೆ ಮಾನ್ಯತೆ ಇದೆಯೆಂದು ಹೇಳಬೇಕಾದವರು ಯಾರು? ಪ್ರಯೋಜನ: ಅಪ್ಪನ ಕಬ್ಬಿನ ಬಿಲ್ಲು ಫೀ ಹೆಸರಲ್ಲಿ ಹರಿದುಹೋಗದಿರುವುದು.

ಮೊದಲು ಪೂರ್ವಪಕ್ಷ. ಅದು ಮೊಬೈಲಿನ ಪರದೆಯ ಮೇಲೆ ತಾನಾಗಿಯೇ ಪ್ರಕಟವಾಗುತ್ತದೆ: 120 ಗಂಟೆ, ಮನೆಯಲ್ಲೇ ಕೂತು, ಇವತ್ತೇ ಕಟ್ಟಿದರೆ ರಿಯಾಯಿತಿ. ಇದಕ್ಕೆ ಮಾನ್ಯತೆ ಕೊಟ್ಟವರು ಯಾರು? ಒಂದು ಮಂಡಳಿ. ಆ ಮಂಡಳಿಗೆ ಕೊಟ್ಟವರು? ಇನ್ನೊಂದು. ಅದಕ್ಕೆ? ತಾರ್ಕಿಕರು ಇದನ್ನು ಅನವಸ್ಥಾದೋಷವೆಂದರು. ಜಾಹೀರಾತಿನವರು ಅಂತರರಾಷ್ಟ್ರೀಯ ಮಾನ್ಯತೆ ಎನ್ನುತ್ತಾರೆ. ಇಂಗ್ಲಿಷ್ ಮನೆಮಾತಲ್ಲದವರಿಗೆ ಅದನ್ನು ಕಲಿಸುವ ಈ ಪ್ರಮಾಣಪತ್ರದ ಟೆಫಲ್ ಎಂಬ ಹೆಸರಿಗೆ ಜಗತ್ತಿನಲ್ಲಿ ಒಬ್ಬ ಯಜಮಾನನಿಲ್ಲ. ಯಾರು ಬೇಕಾದರೂ ಅಚ್ಚು ಹಾಕಬಹುದು.

ಗೋಕಾಕ ಮತದವರು ಇದನ್ನು ಕರದಂಟಿನ ಪ್ರಮಾಣದಿಂದ ಖಂಡಿಸುತ್ತಾರೆ. ಗೋಡಂಬಿ, ಕೊಬ್ಬರಿ, ಬೆಲ್ಲ ಎಷ್ಟೇ ಸುರಿದರೂ ಕರಿದ ಅಂಟು ಬೀಳದಿದ್ದರೆ ಅದು ಕರದಂಟಲ್ಲ. ಕೇಂಬ್ರಿಜ್‌ನ ಸೆಲ್ಟಾ ಎಂಬ ಬೋಧನಾ ಪ್ರಮಾಣಪತ್ರದಲ್ಲಿ ಆ ಅಂಟು 6 ಗಂಟೆಯದು: ನಿಜವಾದ ವಿದ್ಯಾರ್ಥಿಗಳ ಮುಂದೆ, ಎರಡು ಮಟ್ಟದ ತರಗತಿಗಳಲ್ಲಿ, ಹಿಂದಿನ ಬೆಂಚಿನಲ್ಲಿ ತರಬೇತುದಾರ ಕೂತು ಬರೆದುಕೊಳ್ಳುತ್ತಿರುವಾಗ ಪಾಠ ಮಾಡಬೇಕು. ಮೇಲೆ ನಾಲ್ಕು ಲಿಖಿತ ನಿಬಂಧ, ಹೊರಗಿನಿಂದ ಬರುವ ಪರೀಕ್ಷಕ. ಅಂಥದೇ ಪ್ರಮಾಣಪತ್ರವಾದ ಟ್ರಿನಿಟಿಯ ಸರ್ಟ್‌ಟೆಸಾಲ್‌ನಲ್ಲೂ ಅಷ್ಟೇ ಅಂಟು. ಬ್ರಿಟನ್ನಿನ ಅಧಿಕೃತ ಪಟ್ಟಿಯಲ್ಲಿ ಎರಡೂ 5ನೇ ಮಟ್ಟದಲ್ಲಿವೆ. ಫೀ ಮಾತ್ರ ಕರದಂಟಿನ ಭಾವದಲ್ಲಿಲ್ಲವೆಂದು ಗೋಕಾಕದವರೂ ಒಪ್ಪುತ್ತಾರೆ.

ಹುಕ್ಕೇರಿಯವರದು ಸ್ವಯಂಮಾನ್ಯತಾವಾದ. 1969ರಲ್ಲೇ ತಮ್ಮದೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಕಟ್ಟಿಕೊಂಡವರು. ಕರೆಂಟು ಹೊರಗಿನದು, ಬಿಲ್ಲು ತಮ್ಮದು. ಇಂಗ್ಲಿಷೂ ಹಾಗೇ ಆಗಲಿ ಎಂಬುದು ಅವರ ವಾದ. ಬೆಂಗಳೂರಿನಲ್ಲಿ 1963ರಿಂದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ, ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ ಇಂಗ್ಲಿಷ್ ಬೋಧನೆಯಲ್ಲೇ ಸ್ನಾತಕೋತ್ತರ ಪ್ರಮಾಣಪತ್ರ ಕೊಡುತ್ತದೆ. ಪರರ ಮೊಹರು ಯಾಕ್ರಿ?

ಇದಕ್ಕೆ ಮೂಡಲಗಿಯವರು ನಗುತ್ತಾರೆ. ಗೋಕಾಕ ತಾಲ್ಲೂಕಿನ ಹೊಟ್ಟೆಯೊಳಗಿದ್ದು, ಹೋರಾಡಿ ತಾಲ್ಲೂಕಾದವರಿಗೆ ಒಂದು ಸತ್ಯ ಗೊತ್ತು: ಊರು ಎಷ್ಟೇ ದೊಡ್ಡದಿರಲಿ, ಮಾನ್ಯತೆ ಇರುವುದು ಕೊಡುವವರ ಕೈಯಲ್ಲಿ. ‘ಕಾಗದಾ ಯಾರ ಮುಂದ ಹಿಡೀತೀರಿ, ಅವರನ್ನ ಮೊದಲ ಕೇಳ್ರಿ’ ಎಂಬುದು ಇವರ ಮಹಾವಾಕ್ಯ. ಅದರ ಭಾಷ್ಯ ದಕ್ಷಿಣ ಕೊರಿಯಾದಲ್ಲಿ ಸಿಗುತ್ತದೆ. ಅಲ್ಲಿ ಇಂಗ್ಲಿಷ್ ಕಲಿಸುವ ಇ-2 ವೀಸಾ ಮುಖ್ಯವಾಗಿ ಏಳು ದೇಶಗಳ ಪಾಸ್‌ಪೋರ್ಟಿಗೆ ಮೀಸಲು. ಆ ಏಳು ದೇಶದವನು ಯಾವ ವಿಷಯದಲ್ಲಿ ಪದವಿ ಪಡೆದಿದ್ದರೂ ನಡೆಯುತ್ತದೆ. ಭಾರತದವನಿಗೆ 2010ರಲ್ಲಿ ಜಾರಿಗೆ ಬಂದ ವ್ಯಾಪಾರ ಒಪ್ಪಂದ ತೆರೆದದ್ದು ಸಹಾಯಕ ಬೋಧಕನ ಕಿಂಡಿ. ಅದಕ್ಕೂ ಪದವಿ ಬೇಕು, ಇಂಗ್ಲಿಷ್ ಬೋಧನಾ ಅರ್ಹತೆಯೂ ಬೇಕು. ಹೀಗಾಗಿ ಸರ್ಟಿಫಿಕೇಟುಗಳಲ್ಲಿ ಶ್ರೇಷ್ಠವಾದದ್ದು ಜನನ ಪ್ರಮಾಣಪತ್ರ, ಆದರೆ ಅದನ್ನು ಆಯ್ದುಕೊಳ್ಳುವ ಗಡುವು ಮುಗಿದಿರುತ್ತದೆ ಎಂಬುದು ಮೂಡಲಗಿ ಮತದ ತಾತ್ಪರ್ಯ.

ಸಿದ್ಧಾಂತ ಹೇಳಬೇಕಾದ ಈ ಗ್ರಂಥಕರ್ತನ ಒಲವು ಮೂಡಲಗಿಯ ಕಡೆಗೆ, ಅಂಟಿನ ವಿಷಯದಲ್ಲಿ ಮಾತ್ರ ಗೋಕಾಕದ ಕಡೆಗೆ. ಹೋಗುವ ದೇಶ ಮೊದಲು, ಆಮೇಲೆ ವೀಸಾ ನಿಯಮ, ಕೋರ್ಸು ಕಟ್ಟಕಡೆಗೆ. ನಮ್ಮವರು ಇದನ್ನು ತಿರುವುಮುರುವಾಗಿ ಮಾಡುವುದರಿಂದಲೇ ಅನವಸ್ಥೆಯ ಅಂಗಡಿಗಳು ನಡೆಯುತ್ತಿವೆ.

ಆಪ್ತವಾಕ್ಯಕ್ಕೆ ವಿ.ಕೃ. ಗೋಕಾಕರನ್ನು ಕರೆಯುವುದು ವಾಡಿಕೆ. ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಓದಿದವರು, ಹೈದರಾಬಾದಿನ ಅದೇ ಇಂಗ್ಲಿಷ್ ವಿಶ್ವವಿದ್ಯಾಲಯ ಇನ್ನೂ ಸಂಸ್ಥೆಯಾಗಿದ್ದಾಗ ಅದರ ನಿರ್ದೇಶಕರಾಗಿದ್ದವರು, 1981ರ ವರದಿಯಲ್ಲಿ ಶಾಲೆಗಳಿಗೆ ಕನ್ನಡವೇ ಪ್ರಥಮ ಭಾಷೆಯಾಗಲಿ ಎಂದವರು. ಹುಟ್ಟಿದ್ದು ಸವಣೂರಿನಲ್ಲಾದ್ದರಿಂದ ಅವರು ಗೋಕಾಕ ಮತಕ್ಕೆ ಸಲ್ಲುತ್ತಾರೋ ಇಲ್ಲವೋ ಎಂದು ಹುಕ್ಕೇರಿಯವರು ತಕರಾರು ಎತ್ತಿದ್ದಾರೆ. ಮೂಡಲಗಿಯ ಜಿಜ್ಞಾಸುವಿನ ಪ್ರಶ್ನೆಯೇ ಬೇರೆ: ‘ಅದಿರ್ಲಿ ಸರ, ಆಕ್ಸ್‌ಫರ್ಡಿಗೆ ಹೋಗೂಮುಂದ ಅವರ ಡಿಗ್ರಿಗೆ ಅಪೊಸ್ಟೀಲ್ ಯಾರು ಹಾಕಿಕೊಟ್ರರಿ?’ ಹೊರದೇಶಕ್ಕೆ ಒಯ್ಯುವ ಕಾಗದದ ಮೇಲೆ ಬೀಳುವ ಆ ದೃಢೀಕರಣ ಮೊಹರಿನ ಕರಾರು ಹುಟ್ಟಿದ್ದೇ 1961ರಲ್ಲಿ, ಭಾರತಕ್ಕೆ ಅದು ಜಾರಿಯಾದದ್ದು 2005ರಲ್ಲಿ ಎಂದರೂ ಅವನು ಏಳಲಿಲ್ಲ; ಕೆಲಸ ನಡೆದಿತ್ತಲ್ಲ, ಏಜೆಂಟನ ಹೆಸರಾದರೂ ಹೇಳಿ ಎಂದು ಕೂತಿದ್ದಾನೆ.