ಕುರ್ಚಿ ಮತ್ತು ಖಾಲಿ ಖಜಾನೆ: ಬಳಸುವ ವಿಧಾನ

ಗ್ರಂಥಪಾಲಕರ ಸಂಘಕ್ಕೆ ಅಧ್ಯಕ್ಷರಾಗಲು ಹೊರಟಿದ್ದೀರಿ, ಸಂತೋಷ. ಮೊದಲು ಆ ಸ್ಥಾನ ನನಗೆ ಬೇಡವೇ ಬೇಡ ಎಂದು ನಾಲ್ಕು ಜನರೆದುರು ಹೇಳಿ. ಎರಡು ಸಲ ಹೇಳಿ. ಮೂರನೆಯ ಸಲ ಹೇಳಬೇಡಿ, ಯಾರಾದರೂ ನಂಬಿಬಿಟ್ಟಾರು. "ಹಿರಿಯರು ಒತ್ತಾಯ ಮಾಡಿದರು, ಇಲ್ಲವೆನ್ನಲಾಗಲಿಲ್ಲ" ಎಂಬ ಮಾತನ್ನು ರೂಢಿ ಮಾಡಿಕೊಳ್ಳಿ. ಒತ್ತಾಯ ಮಾಡುವ ಹಿರಿಯರನ್ನು ಹಿಂದಿನ ರಾತ್ರಿಯೇ ಗೊತ್ತುಮಾಡಿ ಊಟ ಹಾಕಿಸಿ.

ಮಹಾಸಭೆಯನ್ನು ಪರೀಕ್ಷೆಗಳ ನಡುವೆ ಇಟ್ಟುಕೊಳ್ಳಿ. ಕಾಲೇಜು ಗ್ರಂಥಪಾಲಕರನ್ನು ಪರೀಕ್ಷಾ ಕೆಲಸಕ್ಕೆ ಹಾಕಿರುತ್ತಾರೆ, ಅವರು ಬರುವುದಿಲ್ಲ, ಕೋರಂ ಆಗುವುದಿಲ್ಲ. ಆಗ ಬೈಲಾ ತೆರೆದು, ಅರ್ಧ ಗಂಟೆ ಮುಂದೂಡಿದ ಸಭೆಗೆ ಕೋರಂ ಬೇಕಿಲ್ಲ ಎನ್ನುವ ಸಾಲನ್ನು ತೋರಿಸಿ. ಆ ಅರ್ಧ ಗಂಟೆಯಲ್ಲಿ ಉಪ್ಪಿಟ್ಟು, ಕೇಸರಿಬಾತು ಕೊಡಿ. ತಿಂದವರು ಅವಿರೋಧ ಆಯ್ಕೆಗೆ ತಕರಾರು ತೆಗೆಯುವುದಿಲ್ಲ.

ಅಧಿಕಾರ ವಹಿಸಿಕೊಳ್ಳುವ ದಿನ ಹಳೆಯ ಅಧ್ಯಕ್ಷರಿಂದ ಹಾರ ಮತ್ತು ಬೀರುವಿನ ಕೀಲಿ ಇವೆರಡನ್ನೇ ಪಡೆಯಿರಿ. ನಡಾವಳಿ ಪುಸ್ತಕ, ಸದಸ್ಯರ ಪಟ್ಟಿ, ಆಡಿಟ್ ವರದಿ, ಠೇವಣಿ ರಸೀದಿ ಇವನ್ನು ಕೇಳಲೇಬೇಡಿ. ಕೇಳಿದರೆ ಕೊಟ್ಟುಬಿಟ್ಟಾರು, ಆಮೇಲೆ ಎಲ್ಲಕ್ಕೂ ನೀವೇ ಹೊಣೆ. ಒಂದು ಪುಸ್ತಕ ಬೇರೆ ಕಪಾಟಿಗೆ ಹೋದರೆ ನಿದ್ದೆ ಕೆಡಿಸಿಕೊಳ್ಳುವ ವೃತ್ತಿ ನಮ್ಮದು. ಆದರೆ ಸಂಘದ ನಡಾವಳಿ ಪುಸ್ತಕ ಯಾವ ಊರಲ್ಲಿ, ಯಾರ ಮನೆಯ ಅಟ್ಟದ ಮೇಲಿದೆ ಎಂಬುದು ಒಬ್ಬರಿಗೂ ತಿಳಿಯಬಾರದು. ಪರಂಪರೆ ಹಾಗಿದೆ, ಮುರಿಯಬೇಡಿ.

ಬ್ಯಾಂಕಿಗೆ ಹೋಗಿ ಸಹಿ ಬದಲಿಸಿ ಎನ್ನಿ. ಠರಾವಿನ ಪ್ರತಿ ತನ್ನಿ ಎನ್ನುತ್ತಾರೆ. ಠರಾವು ನಡಾವಳಿ ಪುಸ್ತಕದಲ್ಲಿದೆ, ಪುಸ್ತಕ ಅಟ್ಟದ ಮೇಲಿದೆ, ಹಳೆಯ ಖಜಾಂಚಿಗಳು ಮಗಳ ಬಾಣಂತನಕ್ಕೆಂದು ಅಮೆರಿಕದಲ್ಲಿದ್ದಾರೆ. ಇದನ್ನು ತೊಂದರೆ ಎಂದುಕೊಳ್ಳಬೇಡಿ. ನಿಮ್ಮ ಮೊದಲ ವರ್ಷದ ಸಾಧನೆ ಏನೆಂದು ಕೇಳುವವರಿಗೆ ಉತ್ತರ ಸಿದ್ಧವಾಯಿತು.

ಅವಧಿ ಮುಗಿಯುತ್ತ ಬಂದಾಗ ನಮ್ಮ ಗ್ರಂಥಾಲಯ ವಿಜ್ಞಾನದ ಪಿತಾಮಹ ರಂಗನಾಥನ್ ಅವರನ್ನು ನೆನೆಯಿರಿ. ಅವರು 1944ರಿಂದ 1953ರವರೆಗೆ ಭಾರತೀಯ ಗ್ರಂಥಾಲಯ ಸಂಘದ ಅಧ್ಯಕ್ಷರಾಗಿದ್ದರು ಎಂಬುದನ್ನು ಭಾಷಣದಲ್ಲಿ ಒತ್ತಿ ಹೇಳಿ. ತಮ್ಮ ಉಳಿತಾಯದ ಒಂದು ಲಕ್ಷ ರೂಪಾಯಿಯನ್ನು ಗ್ರಂಥಾಲಯ ವಿಜ್ಞಾನದ ಪ್ರಾಧ್ಯಾಪಕ ಪೀಠಕ್ಕೆಂದು ಮದ್ರಾಸು ವಿಶ್ವವಿದ್ಯಾಲಯಕ್ಕೆ ಕೊಟ್ಟರು ಎಂಬುದನ್ನು ಹೇಳಬೇಡಿ. ಸಭಿಕರ ದೃಷ್ಟಿ ನಿಮ್ಮ ಕಡೆ ತಿರುಗುತ್ತದೆ.

ಇನ್ನು ಹಣದ ವಿಷಯ. ಇಲ್ಲಿ ನಿಧಾನವಾಗಿ ಓದಿ.

ಸಂಘವನ್ನು ಬಡವಾಗಿಸಲು ಕಳ್ಳತನ ಬೇಕಿಲ್ಲ, ಆಜೀವ ಸದಸ್ಯತ್ವ ಸಾಕು. ಒಂದೇ ಸಲ ದುಡ್ಡು ಕಟ್ಟಿ, ಜೀವಮಾನವಿಡೀ ಪತ್ರಿಕೆ ಪಡೆಯಿರಿ ಎಂದು ಪ್ರಚಾರ ಮಾಡಿ. ಹಾಗೆ ಬಂದದ್ದನ್ನು ಮೂಲನಿಧಿಗೆ ಹಾಕಿ ಬಡ್ಡಿಯನ್ನಷ್ಟೇ ಬಳಸಬೇಕೆಂದು ಯಾರಾದರೂ ಹೇಳಿದರೆ ಅವರನ್ನು ಸಲಹಾ ಸಮಿತಿಗೆ ಹಾಕಿ, ಆ ಸಮಿತಿಯ ಸಭೆ ಕರೆಯಬೇಡಿ. ಮೂಲಧನವನ್ನು ಸಮ್ಮೇಳನದ ಶಾಮಿಯಾನಕ್ಕೆ ಖರ್ಚು ಮಾಡಿ. ಕೆಲವೇ ವರ್ಷಗಳಲ್ಲಿ ಸದಸ್ಯರೆಲ್ಲ ಆಜೀವ ಸದಸ್ಯರಾಗಿರುತ್ತಾರೆ, ವಾರ್ಷಿಕ ಚಂದಾ ಕೊಡುವವರು ಒಬ್ಬರೂ ಉಳಿದಿರುವುದಿಲ್ಲ. ಎಂದೋ ಇನ್ನೂರೋ ಮುನ್ನೂರೋ ಕಟ್ಟಿದವರು ಪತ್ರಿಕೆ ಬರಲಿಲ್ಲ ಎಂದು ಫೋನ್ ಮಾಡಿದಾಗ ಅಂಚೆಯವರನ್ನು ಬೈಯಿರಿ.

ಕಡಿತ ಮಾಡಲೇಬೇಕಾದಾಗ ಕ್ರಮ ತಪ್ಪಬಾರದು. ಮೊದಲು ಪತ್ರಿಕೆ ನಿಲ್ಲಿಸಿ. ಆಮೇಲೆ ಹೊಸಬರ ತರಬೇತಿ ಶಿಬಿರ ನಿಲ್ಲಿಸಿ. ನಂತರ ಕಚೇರಿಗೆ ಮಧ್ಯಾಹ್ನ ಬಂದು ಪತ್ರ ಟೈಪ್ ಮಾಡುವ ಹುಡುಗಿಯನ್ನು ಬಿಡಿಸಿ. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿಗಳಿಗೆ ಮಾತ್ರ ಕೈ ಹಚ್ಚಬೇಡಿ. ಆಗಸ್ಟ್ 12ರ ಗ್ರಂಥಪಾಲಕರ ದಿನಕ್ಕೆ ಫ್ಲೆಕ್ಸ್ ಇರಲೇಬೇಕು. ಅದರಲ್ಲಿ ರಂಗನಾಥನ್ ಚಿತ್ರ ನಿಮ್ಮ ಚಿತ್ರಕ್ಕಿಂತ ದೊಡ್ಡದಾಗದಂತೆ ನೋಡಿಕೊಳ್ಳಿ.

ಸಮ್ಮೇಳನಕ್ಕೆ ದುಡ್ಡು ಬೇಕಾದರೆ ಪ್ರಕಾಶಕರ ಮತ್ತು ಇ-ಪುಸ್ತಕ ಮಾರುವ ಕಂಪನಿಗಳ ಹತ್ತಿರ ಹೋಗಿ. ಸ್ಮರಣ ಸಂಚಿಕೆಗೆ ಜಾಹೀರಾತು, ಪ್ರತಿನಿಧಿಗಳಿಗೆ ಚೀಲ, ಮಧ್ಯಾಹ್ನದ ಊಟ ಎಂದು ಹಂಚಿಬಿಡಿ. ಗ್ರಂಥಾಲಯಗಳಿಗೆ ಪುಸ್ತಕ ಆಯ್ಕೆ ಮಾಡುವವರು ಸಭಾಂಗಣದಲ್ಲೇ ಕೂತಿರುತ್ತಾರೆಂಬುದನ್ನು ಬಾಯಿಬಿಟ್ಟು ಹೇಳಬೇಡಿ. ಕಂಪನಿಯವರು ಹುಳಿಯನ್ನ ಎರಡನೆಯ ಸಲ ಬಡಿಸಿಕೊಳ್ಳುವಾಗ ತಾವೇ ಅರ್ಥ ಮಾಡಿಕೊಳ್ಳುತ್ತಾರೆ.

ಗ್ರಂಥಾಲಯ ಕರದ ಸುದ್ದಿ ತೆಗೆಯುವ ಕಿರಿಯರು ಪ್ರತಿ ಸಭೆಯಲ್ಲೂ ಒಬ್ಬರು ಇರುತ್ತಾರೆ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದು, ಆಸ್ತಿ ತೆರಿಗೆಯ ಜೊತೆ ಶೇಕಡ 6ರಷ್ಟು ಗ್ರಂಥಾಲಯ ಕರ ವಸೂಲಾಗುತ್ತದೆ, ಸ್ಥಳೀಯ ಸಂಸ್ಥೆಗಳು ಅದನ್ನು ಗ್ರಂಥಾಲಯಗಳಿಗೆ ದಾಟಿಸದೆ ಕೋಟಿಗಟ್ಟಲೆ ಬಾಕಿ ಉಳಿಸಿಕೊಂಡಿವೆ, ಸಂಘ ಬೀದಿಗಿಳಿಯಬೇಕು ಎಂದೆಲ್ಲ ಅವರು ಹೇಳುತ್ತಾರೆ. ಪೂರ್ತಿ ಕೇಳಿ, ತಲೆಯಾಡಿಸಿ. "ಒಂದು ಮನವಿ ಕೊಡೋಣ" ಎನ್ನಿ. ಮನವಿ ಕೊಡುವ ಫೋಟೊದಲ್ಲಿ ಆ ಕಿರಿಯರನ್ನು ಅಂಚಿನಲ್ಲಿ ನಿಲ್ಲಿಸಿ.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಮೇಲ್ವಿಚಾರಕರೂ ಬರುತ್ತಾರೆ. ರಾಜ್ಯದಲ್ಲಿ ಅಂಥ ಗ್ರಂಥಾಲಯಗಳು ಐದು ಸಾವಿರಕ್ಕೂ ಹೆಚ್ಚು. ಬಹುಕಾಲ ಗೌರವಧನದಲ್ಲೇ ದುಡಿದ ಈ ಜನ ಸದಸ್ಯತ್ವ ಕೇಳುತ್ತಾರೆ. ಡಿಗ್ರಿ ಇದೆಯೇ ಎಂದು ವಿಚಾರಿಸಿ. ಇಲ್ಲವೆಂದರೆ ಸಹಸದಸ್ಯರನ್ನಾಗಿ ಮಾಡಿ: ಚಂದಾ ಕೊಡಬಹುದು, ಮತ ಹಾಕುವಂತಿಲ್ಲ. ಐದು ಸಾವಿರ ಮತಗಳೆಂದರೆ ಯಾವ ಅಧ್ಯಕ್ಷರಿಗಾದರೂ ಎದೆ ಹೊಡೆದುಕೊಳ್ಳುತ್ತದೆ. ಆದ್ದರಿಂದ ವೃತ್ತಿಯ ಘನತೆ ಎಂಬ ಪದವನ್ನು ಇಲ್ಲೇ ಬಳಸಿ, ಬೇರೆಲ್ಲೂ ಖರ್ಚು ಮಾಡಬೇಡಿ.

ಕೊನೆಯದು ಸಂಘಗಳ ನೋಂದಣಾಧಿಕಾರಿಯ ಕಚೇರಿ. 1960ರ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ವರ್ಷ ವರ್ಷವೂ ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರ ಸಲ್ಲಿಸಬೇಕು. ಸಲ್ಲಿಸಬೇಡಿ. ಮೊದಲು ನೋಟಿಸು ಬರುತ್ತದೆ, ಅದನ್ನು ಓದದೆ ಫೈಲಿಗೆ ಸೇರಿಸಿ. ಆಮೇಲೆ ವಿಚಾರಣೆ ಬರುತ್ತದೆ, ಹಿಂದಿನ ಅಧ್ಯಕ್ಷರ ಹೆಸರು ಹೇಳಿ. ಕಡೆಗೆ ಸರ್ಕಾರ ಆಡಳಿತಾಧಿಕಾರಿಯನ್ನು ನೇಮಿಸಿದರೂ ಎದೆಗುಂದಬೇಡಿ. ಅದೇ ಕಾಯ್ದೆಯಡಿ ಹೊಸ ಸಂಘ ನೋಂದಾಯಿಸಲು ಏಳು ಜನ ಸಾಕು. ನಿಮ್ಮನ್ನು ಬಿಟ್ಟರೆ ಆರು. ಅವರನ್ನು ಇವತ್ತೇ ಗುರುತು ಮಾಡಿಟ್ಟುಕೊಳ್ಳಿ, ಅಧ್ಯಕ್ಷರು ಯಾರೆಂಬುದನ್ನು ಮಾತ್ರ ಮೊದಲೇ ಬರೆಸಿಕೊಳ್ಳಿ.